ಸೂಗಪ್ಪನವರ ಹಳದಿ ಚೀಟಿ

ಕುಷಾಯಿಗೂಡದ ನಮ್ಮ ಓಣಿಯಲ್ಲಿ ಬೆಳಿಗ್ಗೆ ಏಳು ಗಂಟೆಗೆ ಬಾಗಿಲು ಬಡಿಯುವವರು ಇಬ್ಬರೇ. ಒಬ್ಬ ಹಾಲಿನವನು, ಇನ್ನೊಬ್ಬರು ಸೂಗಪ್ಪನವರು. ಹಾಲಿನವನು ಎರಡು ಸಲ ಬಡಿದು ಸುಮ್ಮನಾಗುತ್ತಾನೆ. ಸೂಗಪ್ಪನವರು ತೆರೆಯುವವರೆಗೂ ಬಡಿಯುತ್ತಾರೆ. 2024ರ ಶ್ರಾವಣದ ಒಂದು ಸೋಮವಾರ ಹಾಗೆ ಬಡಿದು ಒಳಗೆ ಬಂದವರು ಕುರ್ಚಿಯನ್ನು ಕೂಡ ನೋಡದೆ, "ಮಾಸ್ತರ, ಕಂಪನೀನೂ ಅಳೀಲಿಕ್ಕೆ ಬರತೈತ್ರಿ," ಎಂದರು.

ಅಳತೆಯ ಮಾತು ಬಂದಾಗ ಸೂಗಪ್ಪನವರನ್ನು ತಡೆಯಬಾರದು. ಶಹಾಪುರದ ಕಡೆಯ ಹಳ್ಳಿಯವರು ಅವರು. ರಾಯಚೂರಿನಲ್ಲಿ ಐ.ಟಿ.ಐ. ಮುಗಿಸಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಇಲ್ಲಿಯ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗೆ ಸೇರಿದರು. ಮೂವತ್ತೆಂಟು ವರ್ಷ ಒಂದೇ ವಿಭಾಗದಲ್ಲಿ ಕೆಲಸ ಮಾಡಿದರು. ಅದು ತಪಾಸಣೆಯ ವಿಭಾಗ. ಬೇರೆಯವರು ತಯಾರಿಸಿದ ಭಾಗಗಳನ್ನು ಅಳೆದು ಚೀಟಿ ಕಟ್ಟುವುದು ಅವರ ಕೆಲಸ. ಹಸಿರು ಚೀಟಿ ಕಟ್ಟಿದರೆ ಪಾಸು, ಕೆಂಪು ಕಟ್ಟಿದರೆ ನಪಾಸು. ಹಳದಿ ಚೀಟಿ ಕಟ್ಟಿದ ವಸ್ತುವನ್ನು ಮತ್ತೊಮ್ಮೆ ಅಳೆಯುವವರೆಗೆ ಯಾರೂ ಮುಟ್ಟುವಂತಿಲ್ಲ. ಮುಂದೆ ಕಾರ್ಖಾನೆಯಲ್ಲಿ ಚೀಟಿಗಳ ಬದಲು ಅಂಟುಪಟ್ಟಿಗಳು ಬಂದಾಗ, ಕಸದ ಬುಟ್ಟಿಗೆ ಹೋಗಲಿದ್ದ ಹಳೆಯ ಚೀಟಿಗಳ ಕಟ್ಟನ್ನು ಇವರು ಕೇಳಿ ಮನೆಗೆ ತಂದರು. ಅಂದಿನಿಂದ ಅವರ ಮನೆಯ ಸೋರುವ ನಲ್ಲಿಗೆ, ಹುಳ ಹಿಡಿದ ಹಿಟ್ಟಿನ ಡಬ್ಬಿಗೆ, ಒಮ್ಮೆ ಬೀಗರು ಕಳುಹಿಸಿದ ಬಾಳೆಗೊನೆಗೆ ಕೆಂಪು ಚೀಟಿ ಬಿದ್ದದ್ದನ್ನು ಓಣಿಯವರೆಲ್ಲ ನೋಡಿದ್ದೇವೆ.

ಅವರಿಗೆ ಇನ್ನೊಂದು ರೂಢಿ ಉಂಟು. ಏನನ್ನಾದರೂ ಕೈಗೆತ್ತಿಕೊಳ್ಳುವ ಮೊದಲು ಅಂಗೈಯನ್ನು ತಿರುವಿ, ಕೈಯ ಹಿಂಬದಿಯಿಂದ ಒಮ್ಮೆ ಮುಟ್ಟಿ ನೋಡುತ್ತಾರೆ. ಬದನೆಕಾಯಿಯನ್ನೂ ಹಾಗೆಯೇ ಮುಟ್ಟುತ್ತಾರೆ, ದಿನಪತ್ರಿಕೆಯನ್ನೂ ಹಾಗೆಯೇ ಮುಟ್ಟುತ್ತಾರೆ. ಇದರ ಮೂಲ ಅವರ ನೌಕರಿಯ ಎರಡನೆಯ ವರ್ಷದಲ್ಲಿದೆ. ಆಗ ಒಂದು ದಿನ ಅವಸರದಲ್ಲಿ, ಯಂತ್ರದಿಂದ ಆಗತಾನೆ ಇಳಿದ ಮುನ್ನೂರು ಉಕ್ಕಿನ ಶಾಫ್ಟುಗಳನ್ನು ಅಳೆದು, ಎಲ್ಲವೂ ಸರಿ ಎಂದು ಹಸಿರು ಚೀಟಿ ಕಟ್ಟಿಬಿಟ್ಟರು. ಮರುದಿನ ಅವು ತಣಿದ ಮೇಲೆ ನೋಡಿದರೆ ಪ್ರತಿಯೊಂದೂ ಕೂದಲಿನಷ್ಟು ಸಣ್ಣದಾಗಿತ್ತು. ಕಾದ ಉಕ್ಕು ಹಿಗ್ಗಿರುತ್ತದೆ. ಆಗ ಸರಿಯಾಗಿ ಕಂಡ ಅಳತೆ ತಣಿದಾಗ ಉಳಿಯುವುದಿಲ್ಲ. ಮೇಸ್ತ್ರಿ ವೀರಭದ್ರಪ್ಪನವರು ಬೈಯಲಿಲ್ಲ. ಒಂದು ವಾರ ಪ್ರತಿದಿನ ಬೆಳಿಗ್ಗೆ ಒಂದು ಶಾಫ್ಟನ್ನು ಇವರ ಕೈಯಲ್ಲಿಟ್ಟು, "ಸೂಗಪ್ಪ, ಬಿಸಿ ಐತೋ, ತಂಪೈತೋ?" ಎಂದು ಎಲ್ಲರ ಎದುರಿಗೆ ಕೇಳಿದರು, ಅಷ್ಟೇ. ಈ ಕಥೆಯನ್ನು ನಾನು ಇಪ್ಪತ್ತು ಸಲವಾದರೂ ಕೇಳಿದ್ದೇನೆ. ಸೂಗಪ್ಪನವರ ಪತ್ನಿ ಸುವರ್ಣಾಬಾಯಿಯವರು ಕೇಳಿರುವುದಕ್ಕೆ ಲೆಕ್ಕವೇ ಇಲ್ಲ.

ಆ ಸೋಮವಾರದ ಸಂಗತಿಗೆ ಬರುತ್ತೇನೆ. ಹಿಂದಿನ ದಿನ ದಂಪತಿಗಳು ಅಸ್ತರಿನ ಬಟ್ಟೆ ತರಲು ದಿಲ್‌ಸುಖ್‌ನಗರಕ್ಕೆ ಹೋಗಿದ್ದರು. ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅದರ ಮೇಲಿನ ಮಾಳಿಗೆಯ ಕೋಚಿಂಗ್ ಸೆಂಟರಿನಲ್ಲಿ ಷೇರುಪೇಟೆಯ ಕುರಿತು ಉಚಿತ ಪಾಠ ನಡೆದಿತ್ತು. ಸೂಗಪ್ಪನವರು ಫ್ಯಾನಿನ ಗಾಳಿಯ ಆಸೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತರು. ಸೂರ್ಯನಾರಾಯಣ ಎಂಬ ಮೇಷ್ಟರು ತೆಲುಗಿನಲ್ಲಿ ಪಾಠ ಹೇಳುತ್ತ ಹಲಗೆಯ ಮೇಲೆ ಒಂದು ಗೆರೆ ಎಳೆದು, ಗೆರೆಯ ಮೇಲೆ ಬೆಲೆ, ಗೆರೆಯ ಕೆಳಗೆ ಗಳಿಕೆ ಎಂದು ಬರೆದರಂತೆ. ಅದನ್ನು ಕಂಡು ಸೂಗಪ್ಪನವರು ಮುಂದಿನ ಬೆಂಚಿಗೆ ಎದ್ದು ಹೋದರು. ಸುವರ್ಣಾಬಾಯಿಯವರು ಕೆಳಗೆ ಒಂದೂವರೆ ಗಂಟೆ ಕಾದರು.

ನನಗೆ ಅವರು ಅದನ್ನು ತಿಳಿಸಿದ ಬಗೆ ಹೀಗಿತ್ತು. ಒಂದು ಕಂಪನಿಯ ಒಂದು ಷೇರಿಗೆ ಪೇಟೆಯಲ್ಲಿ ಇಂದು ಇಷ್ಟು ಬೆಲೆ. ಆ ಒಂದು ಷೇರಿನ ಪಾಲಿಗೆ ಕಂಪನಿ ಒಂದು ವರ್ಷದಲ್ಲಿ ಗಳಿಸಿದ್ದು ಇಷ್ಟು. ಬೆಲೆಯನ್ನು ಗಳಿಕೆಯಿಂದ ಭಾಗಿಸಬೇಕು. ಬಂದ ಸಂಖ್ಯೆಗೆ ಪಿ.ಇ. ಎಂದು ಹೆಸರು. ಎಷ್ಟು ವರ್ಷದ ಗಳಿಕೆಯನ್ನು ನಾವು ಮುಂಗಡವಾಗಿ ಕೊಟ್ಟು ಕೊಳ್ಳುತ್ತಿದ್ದೇವೆ ಎಂಬುದನ್ನು ಆ ಸಂಖ್ಯೆ ಹೇಳುತ್ತದೆ. ಸಂಖ್ಯೆ ಸಣ್ಣದಾದಷ್ಟೂ ಸರಕು ಅಗ್ಗ.

"ಇದು ಗೇಜ್ ಇದ್ದಂಗ್ರಿ ಮಾಸ್ತರ. ಒಂದು ತುದಿ ಒಳಗ ಹೋಗಬೇಕು, ಇನ್ನೊಂದು ತುದಿ ಹೋಗಬಾರದು," ಎಂದು ಹೇಳಿ, ಅವರು ನೋಟುಪುಸ್ತಕದಲ್ಲಿ ಯಂತ್ರದ ಭಾಗಗಳನ್ನು ಅಳೆಯುವ, ಎರಡು ತುದಿಯ ಒಂದು ಗೇಜಿನ ಚಿತ್ರವನ್ನು ಬರೆದು, ಒಂದು ತುದಿಗೆ ಹದಿನೈದು, ಮತ್ತೊಂದಕ್ಕೆ ಇಪ್ಪತ್ತೈದು ಎಂದು ಗುರುತು ಹಾಕಿದರು. ಹದಿನೈದಕ್ಕಿಂತ ಇಳಿದರೆ ಸರಕಿನಲ್ಲೇ ಏನೋ ಕೊರತೆ, ಇಪ್ಪತ್ತೈದು ದಾಟಿದರೆ ದುಬಾರಿ, ನಡುವೆ ಬಂದದ್ದು ಪಾಸು. ಅರವತ್ತೇಳರ ಆ ಮುಖದಲ್ಲಿ, ಗುಣಾಕಾರ ಮೊದಲ ಸಲ ಸರಿಯಾಗಿ ಬಂದಾಗ ನನ್ನ ಶಾಲೆಯ ಮಕ್ಕಳ ಮುಖದಲ್ಲಿ ಕಾಣುತ್ತಿದ್ದ ಬೆಳಕೇ ಇತ್ತು.

ಅವರು ಅಳೆಯಲು ಹೊರಟದ್ದು ಒಂದು ಅಸೆಟ್ ಮ್ಯಾನೇಜ್‌ಮೆಂಟ್ ಕಂಪನಿ. ಅದರ ಹೆಸರು ಇಲ್ಲಿ ಬೇಡ. ಸಾವಿರಾರು ಜನರು ಮ್ಯೂಚುವಲ್ ಫಂಡಿಗೆ ಕಟ್ಟಿದ ಹಣವನ್ನು ಒಟ್ಟುಗೂಡಿಸಿ, ಅವರ ಪರವಾಗಿ ಪೇಟೆಯಲ್ಲಿ ತೊಡಗಿಸಿ, ಆ ಇಡುಗಂಟಿನ ಮೇಲೆ ಪ್ರತಿವರ್ಷ ಒಂದು ಸಣ್ಣ ಶುಲ್ಕವನ್ನು ತೆಗೆದುಕೊಳ್ಳುವುದು ಇಂಥ ಕಂಪನಿಗಳ ಕಸುಬು. ಯಂತ್ರವಿಲ್ಲ, ಎಣ್ಣೆಯಿಲ್ಲ, ಸವಕಳಿಯಿಲ್ಲ. ಆದರೂ ಗಳಿಕೆ ಬರುತ್ತದೆ ಎಂಬುದೇ ಸೂಗಪ್ಪನವರಿಗೆ ದೊಡ್ಡ ಬೆರಗು. ಷೇರಿನ ಬೆಲೆ ಆರುನೂರ ನಲವತ್ತೆಂಟು ರೂಪಾಯಿ. ಮಾರ್ಚಿಗೆ ಮುಗಿದ ವರ್ಷದಲ್ಲಿ ಒಂದು ಷೇರಿನ ಗಳಿಕೆ ಮೂವತ್ತಾರು ರೂಪಾಯಿ. ಭಾಗಿಸಿದರೆ ಹದಿನೆಂಟು. ಅದೇ ಕಸುಬಿನ ಬೇರೆ ಕಂಪನಿಗಳು ಇಪ್ಪತ್ತೆಂಟು, ಮೂವತ್ತು, ಮೂವತ್ತನಾಲ್ಕರಲ್ಲಿ ಮಾರಾಟವಾಗುತ್ತಿದ್ದವು. ಗೇಜಿನಲ್ಲಿ ಇದೊಂದೇ ಪಾಸಾಗಿತ್ತು.

ಆದರೆ ಕೊಳ್ಳಬೇಕಾದ ಹಣ ಅವರದಲ್ಲ. ಅದು ಸುವರ್ಣಾಬಾಯಿಯವರದು. ಮೂವತ್ತೊಂದು ವರ್ಷ ಈ ಓಣಿಯ ಹೆಂಗಸರಿಗೆ ರವಿಕೆ ಹೊಲಿದು, ಅಂಚೆ ಕಚೇರಿಯಲ್ಲಿ ಕೂಡಿಟ್ಟ ನಾಲ್ಕು ಲಕ್ಷ ರೂಪಾಯಿ ಆ ತಿಂಗಳು ಅವಧಿ ಮುಗಿದು ಕೈಗೆ ಬಂದಿತ್ತು. ಅವರ ಕಣ್ಣು ಮಂದವಾಗಿತ್ತು; ಸೂಜಿಗೆ ದಾರ ಏರಿಸಲು ಪಕ್ಕದ ಮನೆಯವರನ್ನು ಕರೆಯಬೇಕಾಗಿತ್ತು. ಹೊಲಿಗೆ ನಿಲ್ಲಿಸಿದ ಮೇಲೆ ತಮ್ಮ ಖರ್ಚಿಗೆ ಗಂಡನ ಎದುರಿಗಾಗಲಿ, ಮಗಳು ಸ್ನೇಹಲತಾಳ ಎದುರಿಗಾಗಲಿ ಕೈಯೊಡ್ಡಬಾರದು ಎಂಬುದೊಂದೇ ಅವರ ಆಸೆ. ಅದಕ್ಕೆ ಇದ್ದದ್ದು ಆ ನಾಲ್ಕು ಲಕ್ಷ ಮಾತ್ರ. ಗಂಡನಿಗೆ ಅವರು ಒಂದು ಷರತ್ತು ಹಾಕಿದರು: ನನಗೆ ತಿಳಿಯುವಂತೆ ಹೇಳಿದರೆ ಕೊಡುತ್ತೇನೆ, ತಿಳಿಯದಿದ್ದರೆ ದುಡ್ಡು ಬಂದ ದಾರಿಯಲ್ಲೇ ಅಂಚೆ ಕಚೇರಿಗೆ ಹೋಗುತ್ತದೆ.

ಗಡುವು ಗುರುವಾರ. ಶ್ರಾವಣ ಶುಕ್ರವಾರ ಅವರ ಮನೆಯಿಂದ ಒಂದು ರೂಪಾಯಿಯೂ ಹೊರಗೆ ಹೋಗುವುದಿಲ್ಲ. ಮನೆಯ ಲಕ್ಷ್ಮಿಯನ್ನು ಆ ದಿನ ಕಳುಹಿಸಬಾರದು. ಶನಿವಾರ, ಭಾನುವಾರ ಪೇಟೆಗೆ ರಜೆ. ಮುಂದಿನ ವಾರದವರೆಗೆ ಈ ಬೆಲೆ ನಿಲ್ಲುವುದಿಲ್ಲ ಎಂದು ಚಂದ್ರಕಾಂತನವರು ಹೇಳಿದ್ದರು. ಬೀದರದ ಚಂದ್ರಕಾಂತನವರು ಅದೇ ಕಾರ್ಖಾನೆಯ ಉಗ್ರಾಣದಲ್ಲಿದ್ದವರು, ನಿವೃತ್ತರು. ಸೂಗಪ್ಪನವರಿಂದ ಹದಿನೆಂಟು ಎಂಬ ಸಂಖ್ಯೆ ಕಿವಿಗೆ ಬಿದ್ದ ಮರುದಿನವೇ ಅವರು ಇನ್ನೂರು ಷೇರು ಕೊಂಡಿದ್ದರು.

ಗುರುವಾರ ಬೆಳಿಗ್ಗೆ ಎಂಟೂವರೆಗೆ ನನ್ನನ್ನೂ ಕರೆದರು. ನಾನು ಹೋದಾಗ ಸುವರ್ಣಾಬಾಯಿಯವರು ಹೊಲಿಗೆ ಯಂತ್ರದ ಮುಂದಿದ್ದರು. ಚಂದ್ರಕಾಂತನವರು ಮಂಚದ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದರು. ಸೂಗಪ್ಪನವರು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೇಜಿನ ದೊಡ್ಡ ಚಿತ್ರವನ್ನು ಬರೆದು ಗೋಡೆಗೆ ತೂಗುಹಾಕಿದ್ದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ಪೇಟೆ ತೆರೆಯುವುದು ಒಂಬತ್ತೂಕಾಲಿಗೆ. ಮಗಳು ಹಾಕಿಕೊಟ್ಟ ಆ್ಯಪಿನಲ್ಲಿ ಎಲ್ಲವನ್ನೂ ತುಂಬಿಟ್ಟು ಫೋನನ್ನು ಮೇಜಿನ ಮೇಲೆ ಇಟ್ಟಿದ್ದರು. ಗುಂಡಿ ಒತ್ತುವುದೊಂದೇ ಬಾಕಿ.

"ಯಾಕ್ರೀ ಸೂಗಪ್ಪ, ಇನ್ನಾ ಗೇಜ್ ಹಚ್ಚಾಕತ್ತೀರೇನ್? ಅಷ್ಟರಾಗ ಗಾಡಿ ಹೊಂಟೇ ಹೋಗತದ," ಎಂದು ಚಂದ್ರಕಾಂತನವರು ಕಾಲೆಳೆದರು.

ಸೂಗಪ್ಪನವರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಹೆಂಡತಿಗೆ ಬೆಲೆ, ಗಳಿಕೆ, ಭಾಗಾಕಾರ ಎಲ್ಲವನ್ನೂ ಹೇಳಿದರು. ಅವರ ಹೊಲಿಗೆಯ ಉದಾಹರಣೆಯನ್ನೇ ಕೊಟ್ಟರು: ಈ ಯಂತ್ರ ವರ್ಷಕ್ಕೆ ಖರ್ಚು ಕಳೆದು ಮೂವತ್ತಾರು ಸಾವಿರ ಗಳಿಸುತ್ತದೆ ಎಂದುಕೊ, ಇದನ್ನು ಹದಿನೆಂಟು ವರ್ಷದ ಗಳಿಕೆ ಕೊಟ್ಟು ಯಾರಾದರೂ ಕೊಂಡರೆ ಹೇಗೋ ಹಾಗೆ. ಸುವರ್ಣಾಬಾಯಿಯವರು ಯಂತ್ರ ತುಳಿಯುತ್ತಲೇ ಕೇಳಿದರು. ಅರ್ಥವಾಯಿತು ಎಂಬಂತೆ ತಲೆದೂಗಿದರು. ಸೂಗಪ್ಪನವರ ಕೈ ಫೋನಿನ ಕಡೆಗೆ ಹೋಯಿತು. ಒಂಬತ್ತು ದಾಟಿ ಐದು ನಿಮಿಷವಾಗಿತ್ತು.

"ಅದರ ಹಿಂದಿನ ವರ್ಷ ಗಳಿಕಿ ಎಷ್ಟಿತ್ರಿ?" ಎಂದು ಸುವರ್ಣಾಬಾಯಿಯವರು ಕೇಳಿದರು.

ಸೂಗಪ್ಪನವರು ವಾರ್ಷಿಕ ವರದಿಯ ಪ್ರತಿಯನ್ನು ತಿರುವಿ, ಇಪ್ಪತ್ತೊಂದು ರೂಪಾಯಿ ಅರವತ್ತು ಪೈಸೆ ಎಂದರು.

ಯಂತ್ರ ನಿಂತಿತು. ಒಂದೇ ವರ್ಷದಲ್ಲಿ ಅದು ಹಾಗೇಕೆ ಉಬ್ಬಿತು ಎಂದು ಸುವರ್ಣಾಬಾಯಿಯವರು ಕೇಳಿದರು. ಪೇಟೆ ಭಾರೀ ಏರಿದ ವರ್ಷ ಅದು, ಎಲ್ಲರದೂ ಏರಿತು, ಇದರದೂ ಏರಿತು ಎಂದು ಗಂಡ ಹೇಳಿದರು. ಹೇಳುವಾಗ ಅವರ ದನಿಯಲ್ಲಿ ಒಂದಿಷ್ಟು ಅವಸರವಿತ್ತು.

ಸುವರ್ಣಾಬಾಯಿಯವರು ಕನ್ನಡಕವನ್ನು ಹಣೆಗೆ ಏರಿಸಿ ಗಂಡನನ್ನೇ ನೋಡಿದರು. "ಹಂಗಾದ್ರ ನೀವು ಅಳದಾಗ ಅದು ಬಿಸಿ ಇತ್ತೋ, ತಂಪಿತ್ತೋ?"

ಚಂದ್ರಕಾಂತನವರಿಗೆ ಈ ಪ್ರಶ್ನೆ ತಿಳಿಯಲಿಲ್ಲ. ನನಗೆ ತಿಳಿಯಿತು. ಸೂಗಪ್ಪನವರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಅಂಗೈ ತಿರುವಿ, ಕೈಯ ಹಿಂಬದಿಯನ್ನು ಆ ವರದಿಯ ಮೇಲೆ ಇಟ್ಟರು. ನಲವತ್ತಮೂರು ವರ್ಷದ ಹಿಂದಿನ ಮುನ್ನೂರು ಶಾಫ್ಟುಗಳು ಅವರ ಕಣ್ಣ ಮುಂದೆ ಸಾಲಾಗಿ ಬಂದು ನಿಂತಿರಬೇಕು. ಅವರ ಕಿವಿಗಳು ಕೆಂಪಾದವು.

ಹಾಗೆಂದು ಅವರು ಕುಗ್ಗಲಿಲ್ಲ. ಅಲ್ಲಿಂದ ಮುಂದಿನ ಅರ್ಧ ಗಂಟೆಯನ್ನು ನೆನೆದರೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಮೇಜಿನ ಮೇಲಿದ್ದ ರವಿಕೆಯ ತುಂಡುಗಳನ್ನೆಲ್ಲ ಒತ್ತಟ್ಟಿಗೆ ಸರಿಸಿ, ನನಗೆ ಕನ್ನಡಕ ಹಾಕಿಕೊಳ್ಳಲು ಹೇಳಿ, ವರದಿಯ ಹಾಳೆಗಳನ್ನು ಇಬ್ಬರ ನಡುವೆ ಹಂಚಿದರು. ಮೂವತ್ತಾರು ರೂಪಾಯಿ ಎಲ್ಲೆಲ್ಲಿಂದ ಬಂತು ಎಂಬುದನ್ನು ಹುಡುಕಬೇಕಾಗಿತ್ತು. ನಾನು ಇಂಗ್ಲಿಷನ್ನು ಓದಿದೆ. ಅವರು ಅಂಕಿಗಳನ್ನು ಓದಿದರು. ನಡುವೆ ಒಂಬತ್ತೂಕಾಲು ಆಯಿತು, ಪೇಟೆ ತೆರೆಯಿತು. ಎರಡು ರೂಪಾಯಿ ಏರಿದೆ ಎಂದು ಚಂದ್ರಕಾಂತನವರು ಮಂಚದಿಂದಲೇ ಸಾರಿದರು. ಆಮೇಲೆ ಐದು ಎಂದರು. ಯಾರೂ ತಲೆಯೆತ್ತಲಿಲ್ಲ.

ಸಿಕ್ಕಿದ್ದು ಒಂದು ಟಿಪ್ಪಣಿಯಲ್ಲಿ. ಕಂಪನಿ ಗ್ರಾಹಕರ ಹಣವನ್ನು ನೋಡಿಕೊಳ್ಳುವುದಲ್ಲದೆ, ತನ್ನ ಸ್ವಂತ ಉಳಿತಾಯವನ್ನೂ ಪೇಟೆಯಲ್ಲಿ ತೊಡಗಿಸಿತ್ತು. ಪೇಟೆ ಏರಿದ್ದರಿಂದ ಆ ಉಳಿತಾಯದ ಬೆಲೆಯೂ ಏರಿತ್ತು. ಹಾಗೆ ಏರಿದ್ದನ್ನು ಆ ವರ್ಷದ ಗಳಿಕೆಯಲ್ಲಿ ಸೇರಿಸಿದ್ದರು. ಅದರಲ್ಲಿ ಮೋಸವೇನೂ ಇಲ್ಲ, ಬಚ್ಚಿಟ್ಟದ್ದೂ ಇಲ್ಲ. ಟಿಪ್ಪಣಿಯಲ್ಲಿ ಬಿಡಿಸಿ ಬರೆದಿದ್ದರು. ತೆರಿಗೆ ಕಳೆದು ಒಂದು ಷೇರಿಗೆ ಅದು ಹನ್ನೆರಡು ರೂಪಾಯಿ ಆಗುತ್ತಿತ್ತು. ಪೇಟೆ ಏರದ ವರ್ಷದಲ್ಲಿ ಆ ಹನ್ನೆರಡು ಬರುವುದಿಲ್ಲ. ಪೇಟೆ ಇಳಿದರೆ ತಿರುಗಿ ಹೋಗಲೂಬಹುದು. ಅದನ್ನು ತೆಗೆದರೆ ಕಸುಬಿನಿಂದ ಬಂದ ಗಳಿಕೆ ಇಪ್ಪತ್ತನಾಲ್ಕು. ಆರುನೂರ ನಲವತ್ತೆಂಟನ್ನು ಇಪ್ಪತ್ತನಾಲ್ಕರಿಂದ ಭಾಗಿಸಬೇಕು. ಸೂಗಪ್ಪನವರು ಭಾಗಿಸಿದರು, ನಾನೂ ಭಾಗಿಸಿದೆ. ಇಬ್ಬರೂ ಒಟ್ಟಿಗೆ ತಲೆಯೆತ್ತಿದೆವು.

"ಇಪ್ಪತ್ತೇಳು," ಎಂದರು ಸೂಗಪ್ಪನವರು. ನಿಧಿ ಸಿಕ್ಕವರ ಹಾಗೆ ಅವರು ನಗುತ್ತಿದ್ದರು. ಗೇಜಿನ ಹೊರಗೆ ಬಿದ್ದ ಸಂಖ್ಯೆಯನ್ನು ಅಷ್ಟು ಸಂತೋಷದಿಂದ ಹೇಳಿದವರನ್ನು ನಾನು ಮತ್ತೆ ನೋಡಿಲ್ಲ. ಇಪ್ಪತ್ತನಾಲ್ಕರಲ್ಲಿಯೂ ಸ್ವಲ್ಪ ಕಾವು ಇದ್ದೇ ಇದೆ, ಇಡುಗಂಟು ಹಿಗ್ಗಿದಾಗ ಶುಲ್ಕವೂ ಹಿಗ್ಗಿರುತ್ತದೆ, ಅದನ್ನು ಪೂರ್ತಿ ಅಳೆಯಲು ತಮ್ಮಿಂದಾಗದು ಎಂದೂ ಹೇಳಿದರು.

ಚಂದ್ರಕಾಂತನವರ ಮುಖ ಸಪ್ಪಗಾಯಿತು. "ಅಂದ್ರ ಕಂಪನಿ ಖರಾಬ್ ಅದ ಅಂತೀರೇನ್?"

"ಖರಾಬ್ ಇಲ್ಲ. ನಾವು ತಿಳಿದಷ್ಟು ಸೋವಿ-ಅಗ್ಗ ಇಲ್ಲ, ಅಷ್ಟ," ಎಂದು ಸೂಗಪ್ಪನವರು ಉತ್ತರಿಸಿದರು.

ಒಳಗಿನಿಂದ ಚೀಟಿಗಳ ಕಟ್ಟನ್ನು ತಂದವರು ಸುವರ್ಣಾಬಾಯಿ. ಕೆಂಪನ್ನೂ ಹಸಿರನ್ನೂ ಬದಿಗಿಟ್ಟು, ಒಂದು ಹಳದಿ ಚೀಟಿಯನ್ನು ವರದಿಯ ಮೂಲೆಗೆ ರಂಧ್ರ ಮಾಡಿ, ರವಿಕೆಯ ದಾರದಿಂದ ಕಟ್ಟಿದರು. ಹಣವನ್ನು ಆರು ತಿಂಗಳ ಮಟ್ಟಿಗೆ ಬ್ಯಾಂಕಿನಲ್ಲಿ ಇಟ್ಟರು. ಅಂಚೆ ಕಚೇರಿಯಲ್ಲಿ ಮತ್ತೆ ಐದು ವರ್ಷಕ್ಕೆ ಇಡುವ ಮಾತನ್ನು ಸುವರ್ಣಾಬಾಯಿಯವರೂ ಎತ್ತಲಿಲ್ಲ. ಅಷ್ಟರ ಮಟ್ಟಿಗೆ ಗಂಡನ ಪಾಠ ಅವರಿಗೆ ಹಿಡಿಸಿತ್ತು.

ಮುಂದಿನ ದಿನಗಳು ಸೂಗಪ್ಪನವರಿಗೆ ಸುಲಭವಾಗಿರಲಿಲ್ಲ. ಆ ಷೇರು ಏರುತ್ತಲೇ ಹೋಯಿತು. ಮಹಾನವಮಿಯ ಮೊದಲು ಏಳುನೂರ ಇಪ್ಪತ್ತೊಂದನ್ನು ಮುಟ್ಟಿತು. ಚಂದ್ರಕಾಂತನವರು ಸಂಜೆಯ ವಾಯುವಿಹಾರಕ್ಕೆ ಬಂದಾಗಲೆಲ್ಲ, ನಮಸ್ಕಾರಕ್ಕೆ ಬದಲಾಗಿ ಆ ದಿನದ ಬೆಲೆಯನ್ನೇ ಹೇಳುತ್ತಿದ್ದರು. ಒಮ್ಮೆ ನನ್ನೆದುರಿಗೇ, ಶಾಫ್ಟ್ ತಣಿಯುವುದನ್ನು ಕಾಯುತ್ತ ಕುಳಿತವರು ತಾವೇ ತಣಿದು ಹೋದಾರು ಎಂದು ನಕ್ಕರು. ಸೂಗಪ್ಪನವರು ಸಹಿಸಿಕೊಂಡರು. ಆದರೆ ಅಂದು ಮನೆಗೆ ಹೋಗಿ ತಮ್ಮ ಫೋನಿಗೆ ಕೆಂಪು ಚೀಟಿ ಕಟ್ಟಿ, ಅದನ್ನು ಗೋಧಿಯ ಡಬ್ಬಿಯಲ್ಲಿ ಇಟ್ಟರಂತೆ. ಎರಡು ದಿನ ಮಗಳು ಕರೆ ಮಾಡಿದಾಗಲೆಲ್ಲ ಡಬ್ಬಿ ಹಾಡುತ್ತಿತ್ತು. ಸುವರ್ಣಾಬಾಯಿಯವರು ಒಂದು ದಿನವೂ, ಆವತ್ತೇ ಕೊಂಡಿದ್ದರೆ ಎನ್ನಲಿಲ್ಲ. ಹೊಲಿಗೆಯನ್ನು ಇನ್ನಷ್ಟು ದಿನ ಮುಂದುವರಿಸಿದರು. ಸೂಜಿಗೆ ದಾರ ಏರಿಸುವ ಕೆಲಸವನ್ನು ಸೂಗಪ್ಪನವರು ಯಾರಿಗೂ ಹೇಳದೆ ತಾವೇ ವಹಿಸಿಕೊಂಡರು.

ದೀಪಾವಳಿಯ ಹೊತ್ತಿಗೆ ಪೇಟೆ ಇಳಿಯತೊಡಗಿತು. ಸಂಕ್ರಾಂತಿಯಲ್ಲಿ ಇನ್ನೂ ಇಳಿಯಿತು. ಆ ಕಂಪನಿ ಮೂರು ತಿಂಗಳ ಲೆಕ್ಕವನ್ನು ಪ್ರಕಟಿಸಿದಾಗ, ಅದರ ಸ್ವಂತ ಉಳಿತಾಯದಿಂದ ಗಳಿಕೆ ಬರುವ ಬದಲು ಸ್ವಲ್ಪ ನಷ್ಟವೇ ಬಂದಿತ್ತು. ಗಳಿಕೆ ಕುಸಿಯಿತು ಎಂದು ಪತ್ರಿಕೆಗಳು ಬರೆದವು. ಜನರು ಮಾರಿದರು. ಶಿವರಾತ್ರಿಯ ವಾರ ಷೇರಿನ ಬೆಲೆ ನಾನೂರ ಐವತ್ತೈದಕ್ಕೆ ಬಂದು ನಿಂತಿತು.

ಮುಂದಿನ ಸೋಮವಾರ ಬೆಳಿಗ್ಗೆ ಏಳು ಗಂಟೆಗೆ, ತೆರೆಯುವವರೆಗೂ ನಮ್ಮ ಬಾಗಿಲು ಬಡಿದ ಸದ್ದಾಯಿತು. ಸೂಗಪ್ಪನವರು ನಾಲ್ಕು ತ್ರೈಮಾಸಿಕಗಳ ಲೆಕ್ಕವನ್ನೂ ಬರೆದುಕೊಂಡು ಬಂದಿದ್ದರು. ಸ್ವಂತ ಉಳಿತಾಯದ ಲಾಭವನ್ನೂ ನಷ್ಟವನ್ನೂ ಹೊರಗಿಟ್ಟು, ಕಸುಬಿನ ಗಳಿಕೆಯನ್ನಷ್ಟೇ ಹಿಡಿದರೆ ಒಂದು ಷೇರಿಗೆ ಇಪ್ಪತ್ತಮೂರೂವರೆ ರೂಪಾಯಿ. ಪತ್ರಿಕೆಗಳು ಕುಸಿಯಿತು ಎಂದ ಗಳಿಕೆ, ಅಳೆದು ನೋಡಿದರೆ ಎಂಟಾಣೆ ಮಾತ್ರ ಕಡಿಮೆಯಾಗಿತ್ತು. ನಾನೂರ ಐವತ್ತೈದನ್ನು ಅದರಿಂದ ಭಾಗಿಸಿದರೆ ಹತ್ತೊಂಬತ್ತು ಚಿಲ್ಲರೆ. ನಾನೇ ಎರಡು ಸಲ ಭಾಗಿಸಿ ನೋಡಿದೆ.

ಅವರ ಮನೆಗೆ ಹೋಗುವ ದಾರಿಯಲ್ಲಿ ಚಂದ್ರಕಾಂತನವರನ್ನೂ ಕರೆದುಕೊಂಡೆವು. ಪಾಪ, ಅವರು ತಿಂಗಳಿಂದ ವಾಯುವಿಹಾರಕ್ಕೆ ಬಂದಿರಲಿಲ್ಲ. ಇವರು ಮಾತಿನ ಬಾಕಿ ತೀರಿಸುತ್ತಾರೆ ಎಂದು ಅವರು ಅಂಜಿದ್ದರು. ಸೂಗಪ್ಪನವರು ತೀರಿಸಲಿಲ್ಲ. ಹದಿನೆಂಟು ಎಂದು ಮೊದಲು ಹೇಳಿದ ತಪ್ಪು ತಮ್ಮದೇ ಎಂದರು. ಕಂಪನಿಯ ಕಸುಬು ಕೆಟ್ಟಿಲ್ಲ, ಹೆದರಿ ಮಾರಬೇಡಿ ಎಂದು ಲೆಕ್ಕವನ್ನು ಅವರ ಮುಂದೆ ಹರಡಿದರು. ಚಂದ್ರಕಾಂತನವರು ಆ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. "ನನಗೂ ಒಂದು ಹಳದಿ ಚೀಟಿ ಕಟ್ಟಿಬಿಡ್ರಿ, ಯಾರೂ ಮುಟ್ಟಬಾರದು," ಎಂದರು.

ಸುವರ್ಣಾಬಾಯಿಯವರು ಯಂತ್ರದ ಮುಂದೆಯೇ ಇದ್ದರು. ಈ ಸಲ ಗಂಡ ಬಾಯಿ ತೆರೆಯುವ ಮೊದಲೇ ತಮ್ಮ ಪ್ರಶ್ನೆಯನ್ನು ಕೇಳಿದರು.

"ತಂಪೈತಿ," ಎಂದರು ಸೂಗಪ್ಪನವರು. "ಇನ್ನೂ ತಂಪಾದರೂ ಆಗಬಹುದು. ಅದು ನನಗ ಗೊತ್ತಿಲ್ಲ."

ಗೊತ್ತಿಲ್ಲ ಎಂಬ ಮಾತೇ ಸುವರ್ಣಾಬಾಯಿಯವರಿಗೆ ಒಪ್ಪಿಗೆಯಾಯಿತು ಎಂದು ನನಗೆ ತೋರಿತು. ಕತ್ತರಿಯನ್ನು ಕೆಳಗಿಟ್ಟು, ಎರಡು ಲಕ್ಷಕ್ಕೆ ಷೇರು, ಎರಡು ಲಕ್ಷ ಬ್ಯಾಂಕಿನಲ್ಲೇ ಎಂದು ತೀರ್ಪು ಕೊಟ್ಟರು. ವರದಿಯ ಮೂಲೆಯ ಹಳದಿ ಚೀಟಿಯ ದಾರವನ್ನು ಹಲ್ಲಿನಿಂದ ಕಡಿದು, ಅಲ್ಲಿ ಹಸಿರನ್ನು ಕಟ್ಟಿದರು. ಹಳದಿಯನ್ನು ಬ್ಯಾಂಕಿನ ಪಾಸ್‌ಬುಕ್ಕಿಗೆ ಕಟ್ಟಿದರು. ಗುಂಡಿಯನ್ನು ನಾನೇ ಒತ್ತುತ್ತೇನೆ, ದುಡ್ಡು ನನ್ನದು ಎಂದರು. ಸೂಗಪ್ಪನವರು ಎಲ್ಲವನ್ನೂ ತುಂಬಿ, ಎರಡು ಕೈಯಿಂದ ಫೋನನ್ನು ಅವರ ಮುಂದೆ ಹಿಡಿದರು. ನಾವು ಮೂವರು ಗಂಡಸರು ಸುತ್ತ ನಿಂತೆವು.

ಸುವರ್ಣಾಬಾಯಿಯವರು ಸೂಜಿ ಚುಚ್ಚದಂತೆ ಬೆರಳಿಗೆ ತೊಟ್ಟಿದ್ದ ಅಂಗುಸ್ತಾನವನ್ನು ತೆಗೆದರು. ಆಮೇಲೆ ಅಂಗೈ ತಿರುವಿ, ಕೈಯ ಹಿಂಬದಿಯಿಂದ ಫೋನನ್ನು ಮುಟ್ಟಿ ನೋಡಿದರು.

"ಇದು ಕಾದೈತ್ರಿ," ಎಂದರು.

"ಚಾರ್ಜಿಗೆ ಹಚ್ಚಿದ್ದೆ," ಎಂದರು ಸೂಗಪ್ಪನವರು. "ನೀ ಒತ್ತು."